ಗರುಡ ಇಳಿಯಲು ಜಾಗವಿಲ್ಲದ ಊರು

ಚಿಕ್ಕಪೇಟೆ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಎಸ್.ಪಿ. ರೋಡಿನ ಕಡೆ ತಿರುಗಿದರೆ ಮೊದಲು ಎದುರಾಗುವುದು ಅಂಗಡಿಯಲ್ಲ, ಕೈಗಾಡಿ. ಗಾಡಿಯವನು "ಜಾಗ, ಜಾಗ" ಎನ್ನುತ್ತ ನಿಮ್ಮ ಮೊಣಕಾಲನ್ನು ಸವರಿಕೊಂಡೇ ಮುಂದೆ ಹೋಗುತ್ತಾನೆ. ಗಾಡಿಯ ತುಂಬ ಹಳೇ ಮಾನಿಟರುಗಳು. ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಬೆಸುಗೆಯ ಹೊಗೆ, ಬಿಸಿಲಿಗೆ ಕಾದ ಪ್ಲಾಸ್ಟಿಕ್ಕು, ಪಕ್ಕದ ತಳ್ಳುಗಾಡಿಯ ಮಸಾಲೆ ಕಡಲೆ, ಎಲ್ಲ ವಾಸನೆಯೂ ಒಟ್ಟಿಗೇ ಮೂಗಿಗೆ ಬರುತ್ತದೆ. ನಿಮ್ಮ ಮುಂದೆ ನಡೆಯುತ್ತಿರುವ ಭಾವ ಮಾತ್ರ ಇದ್ಯಾವುದಕ್ಕೂ ತಲೆ ಕೆಡಿಸಿಕೊಂಡಿಲ್ಲ. ಅವರ ಕಣ್ಣೆಲ್ಲ ಅಂಗಡಿ ಮೆಟ್ಟಿಲ ಪಕ್ಕದ ಗೋಣಿಚೀಲಗಳ ಮೇಲೆ.

ಅವರು ನಿಮಗೇನೂ ಭಾವನಲ್ಲ. ನಿಮ್ಮ ಎಡಕ್ಕೆ ನಡೆಯುತ್ತಿರುವ ಸಾಫ್ಟ್‌ವೇರ್ ಹುಡುಗನ ಅಕ್ಕನ ಗಂಡ. ಆದರೆ ಸ್ವಲ್ಪ ಹೊತ್ತು ಜೊತೆಗಿದ್ದರೆ ನೀವೂ ಹಾಗೇ ಕರೆಯತೊಡಗುತ್ತೀರಿ. ಆರ್ಕಿಟೆಕ್ಟ್‌ಗಳಿಗೆ ಕಟ್ಟಡದ ಮಾಡೆಲ್ ಮಾಡಿಕೊಡುವುದು ಅವರ ಕಸುಬು. ವಾರವೆಲ್ಲ ಬಿಳಿ ಗೋಡೆ, ಸ್ಪಂಜಿನ ಮರ, ಒಂದು ಸ್ಕೂಟರೂ ಅಡ್ಡ ನಿಲ್ಲದ ರಸ್ತೆ. ಶನಿವಾರ ಬಂತೆಂದರೆ ಆ ಬಿಳಿಗೆಲ್ಲ ಪ್ರಾಯಶ್ಚಿತ್ತ ಮಾಡಿಕೊಳ್ಳಲು ಇಲ್ಲಿಗೆ ಹೊರಡುತ್ತಾರೆ.

ಒಂದು ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸತ್ತ ಮದರ್‌ಬೋರ್ಡೊಂದನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. "ಒಂದು ಕಣ್ಣು ಮುಚ್ಚಿ ನೋಡಿ" ಅಂತ ನಿಮಗೆ ಅಪ್ಪಣೆ. ನೋಡಿದರೆ ಹೀಟ್ ಸಿಂಕಿನ ಅಲ್ಯೂಮಿನಿಯಂ ಪಟ್ಟಿಗಳು ಯಾವುದೋ ಕಾರ್ಖಾನೆಯ ತಾರಸಿ ಮೇಲಿನ ಶೈತ್ಯಯಂತ್ರ. ನೆಟ್‌ವರ್ಕ್ ಕೇಬಲ್ ಚುಚ್ಚುವ ಬಾಯಿ ಅರ್ಧ ಎಳೆದ ಷಟರು.

"ರಿಪೇರಿಗಾ ಸಾರ್?" ಅಂಗಡಿಯವನು ಕೇಳುತ್ತಾನೆ.

"ಅಲ್ಲಪ್ಪ, ಮನೆ ಕಟ್ಟೋಕೆ."

ಅವನು ನಗುವುದಿಲ್ಲ. ಈ ರಸ್ತೆಯಲ್ಲಿ ಇದಕ್ಕಿಂತ ವಿಚಿತ್ರ ಗಿರಾಕಿಗಳು ಬಂದಿದ್ದಾರೆ. ಹೀಟ್ ಸಿಂಕ್ ಇದ್ದರೆ ಬೇರೆ ರೇಟು ಎನ್ನುತ್ತಾನೆ. ಅಲ್ಯೂಮಿನಿಯಂ ತಾನೆ, ಬೆಳ್ಳಿಯಲ್ಲವಲ್ಲ ಎಂದು ಇವರು. ಚೌಕಾಸಿ ಮುಗಿದಾಗ ನಿಮ್ಮ ಕೈಯಲ್ಲಿ ಎರಡು ಭಾರದ ಚೀಲ: ಕೀಬೋರ್ಡಿನ ಗುಂಡಿಗಳು, ಮುರಿದ ಪ್ರಿಂಟರಿನ ಹಲ್ಲುಚಕ್ರಗಳು, ಕಂಪ್ಯೂಟರ್ ಫ್ಯಾನುಗಳು, ರಿಬ್ಬನ್ ಕೇಬಲ್ಲು. ಬರಿಯ ಹಸಿರು ಸರ್ಕ್ಯೂಟ್ ಬೋರ್ಡುಗಳನ್ನು ಭಾವ ಅಲ್ಲೇ ಬಿಟ್ಟಿದ್ದಾರೆ. ಅದನ್ನೇ ಗೋಡೆ ಮಾಡಿ ನಿಲ್ಲಿಸಿದರೆ ಎಷ್ಟು ಬಣ್ಣ ಬಳಿದರೂ ಸರ್ಕ್ಯೂಟ್ ಬೋರ್ಡಾಗಿಯೇ ಕಾಣುತ್ತದೆ ಎಂದು ಅವರ ವಾದ. ಅಲ್ಲದೆ ಅದರ ಒಳಗಿರುವುದು ಗಾಜಿನ ನಾರು. ಗರಗಸ ಹಾಕಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇಷ್ಟೆಲ್ಲ ಯಾತಕ್ಕೆ ಎಂದರೆ ಒಂದು ಆಟಕ್ಕೆ. ಇನ್ಫಿನಿಟಿ ಅಂತ ಹೆಸರು. ಸ್ಪೇನಿನ ಗಲೀಸಿಯ ಪ್ರಾಂತದ ಕಡಲತಡಿಯ ಊರು ಕಾಂಗಾಸ್, ಅಲ್ಲಿಯ ಕಾರ್ವಸ್ ಬೆಲ್ಲಿ ಕಂಪನಿ 2005ರಲ್ಲಿ ಹೊರತಂದದ್ದು. ನಾಲ್ಕಡಿ ಚೌಕದ ಮೇಜು, ತಲೆಗೆ ಹತ್ತು ಹದಿನೈದು ಬೊಂಬೆ, ಇಪ್ಪತ್ತು ಮುಖದ ದಾಳಗಳು. ಸೈನ್ಯಗಳನ್ನು ಸಾಲುಗಟ್ಟಿ ನಡೆಸುವ ಯುದ್ಧವಲ್ಲ ಇದು, ಗಲ್ಲಿ ಕಾಳಗ. ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು ಆಟಿಕೆ ಸೈನಿಕರ ಕದನಕ್ಕೆ ನಿಯಮ ಹಾಕಿಕೊಟ್ಟರು. ದೊಡ್ಡವರು ನೆಲದ ಮೇಲೆ ಮಂಡಿಯೂರಿ ಕೂರಲು ಅಂದಿನಿಂದ ಒಂದು ನೆಪ ಸಿಕ್ಕಿದೆ. ನಡುವೆ ಸೈಬರ್‌ಪಂಕ್ ಬಂತು. 1982ರ 'ಬ್ಲೇಡ್ ರನ್ನರ್' ಸಿನಿಮಾ, 1984ರ ವಿಲಿಯಂ ಗಿಬ್ಸನ್ನನ ಕಾದಂಬರಿ, 1988ರಲ್ಲಿ ಮೈಕ್ ಪಾಂಡ್‌ಸ್ಮಿತ್ ಮಾಡಿದ ಪಾತ್ರಾಭಿನಯದ ಆಟ. ಮುಗಿಲಿಗೆ ತಾಗುವ ಕಂಪನಿ ಕಟ್ಟಡಗಳು, ಅವುಗಳ ಬುಡದಲ್ಲಿ ಮಳೆ, ನಿಯಾನ್ ದೀಪ, ಕದ್ದ ವಿದ್ಯುತ್ತು, ಬಡವರು. ಇನ್ಫಿನಿಟಿಯ ಸ್ವಂತ ಚಿತ್ರಗಳಲ್ಲಿ ಊರು ಸಾಕಷ್ಟು ಚೊಕ್ಕವಾಗಿಯೇ ಇರುತ್ತದೆ, ಅವುಗಳ ಮೇಲೆ ಜಪಾನಿ ಕಾಮಿಕ್ಸ್‌ನ ನೆರಳು ದಟ್ಟ. ಭಾವನಿಗೆ ಅದು ಹಿಡಿಸುವುದಿಲ್ಲ. ಯಾಕೆ ಹಿಡಿಸುವುದಿಲ್ಲ ಎಂಬುದಕ್ಕೆ ಅವರ ಬಳಿ ಬರೀ ಅಂದಚಂದದ ಕಾರಣವಲ್ಲ, ಆಟದ ಕಾರಣವೇ ಇದೆ. ನಾಳೆ ಗೊತ್ತಾಗುತ್ತದೆ.

ಮತ್ತೆ ಮೆಟ್ರೋ ಹತ್ತಿ ನ್ಯಾಷನಲ್ ಕಾಲೇಜಿನಲ್ಲಿ ಇಳಿದು, ಗಾಂಧಿ ಬಜಾರಿನ ಹಿಂದಿನ ಒಂದು ಮನೆಯ ಮಹಡಿ ಮೇಲೆ ಬಂದಿದ್ದೀರಿ. ಕೆಲಸದ ಕೋಣೆ. ಕತ್ತರಿಸುವ ಮ್ಯಾಟು, ಉಕ್ಕಿನ ಸ್ಕೇಲು, ಕಟ್ಟರು, ಎರಡು ಬಗೆಯ ಫೆವಿಕಾಲು, ಸನ್‌ಬೋರ್ಡಿನ ಹಾಳೆಗಳು. ಐದು ಮಿಲಿಮೀಟರಿನ ಬೋರ್ಡಿನ ಮೇಲೆ ಭಾವ ಕಟ್ಟರ್ ಎಳೆಯುತ್ತಾರೆ. ಒಂದೇ ಸಲಕ್ಕೆ ಒತ್ತುವುದಿಲ್ಲ. ಮೊದಲ ಎಳೆತಕ್ಕೆ ಗೀರು, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ತುಂಡು. ಅಂಚು ನೆಟ್ಟಗೆ ಬರುತ್ತದೆ.

ಅಳತೆಯೆಲ್ಲ ಬೊಂಬೆಯಿಂದ ಹುಟ್ಟಬೇಕು. ಪಾದದಿಂದ ಕಣ್ಣಿನವರೆಗೆ ಸುಮಾರು 28 ಮಿ.ಮೀ. ಎತ್ತರದ ಬೊಂಬೆ, ಅದರ ಕಾಲಡಿಗೆ 25 ಮಿ.ಮೀ. ವ್ಯಾಸದ ಗುಂಡನೆ ತಳ. ಹಾಗಾಗಿ ಸಜ್ಜೆಯೋ ಮೆಟ್ಟಿಲೋ ಕಾಲುಸೇತುವೆಯೋ, ಮೂವತ್ತಕ್ಕಿಂತ ಕಿರಿದಾದರೆ ಯಾರೂ ನಿಲ್ಲಲಾರರು. ಒಂದು ಅಂತಸ್ತು ಮೂರಿಂಚು. ನಿಜವಾದ ಲೆಕ್ಕಕ್ಕೆ ಅಷ್ಟು ಬೇಡ, ಆದರೆ ಒಳಗೆ ನಿಂತ ಬೊಂಬೆಯನ್ನು ಎತ್ತಲು ಮನುಷ್ಯನ ಬೆರಳು ಹೋಗಬೇಕಲ್ಲ. ತಾರಸಿಯ ಪ್ಯಾರಾಪೆಟ್ ಸೊಂಟದ ಮಟ್ಟಕ್ಕೆ. ತಲೆಮಟ್ಟಕ್ಕೆ ಕಟ್ಟಿದರೆ ಅಲ್ಲಿ ಅಡಗಬಹುದೇ ಹೊರತು ಗುಂಡು ಹಾರಿಸಲಾಗದು.

ಗೋಡೆ ನಿಂತ ಮೇಲೆ ಗಲೀಜಿನ ಕೆಲಸ ಶುರು. ಗುಳಿಗೆ ನುಂಗಿ ಎಸೆದ ಸ್ಟ್ರಿಪ್ಪು ಗಾಜಿನ ಚಾವಣಿಯಾಗುತ್ತದೆ. ಡಿಯೋಡರೆಂಟಿನ ಮುಚ್ಚಳಕ್ಕೆ ಕಪ್ಪು ಬಳಿದರೆ ಸಿಂಟೆಕ್ಸ್ ಟ್ಯಾಂಕು. ಜ್ಯೂಸ್ ಕುಡಿಯುವ ಕೊಳವೆ ಮಳೆನೀರಿನ ಪೈಪು. ಸಿನಿಮಾದವರೂ ಹೀಗೇ ಮಾಡಿದ್ದು. 'ಬ್ಲೇಡ್ ರನ್ನರ್'ನ ನಗರದಲ್ಲಿ ಒಂದು ಕಟ್ಟಡ 'ಸ್ಟಾರ್ ವಾರ್ಸ್'ನ ಮಿಲೇನಿಯಂ ಫಾಲ್ಕನ್ ನೌಕೆಯ ಮಾಡೆಲ್ಲೇ. ಲಂಬವಾಗಿ ನಿಲ್ಲಿಸಿ ಹೊಗೆ ಬಿಟ್ಟು ದೀಪ ಹಾಕಿದರು, ಯಾರಿಗೂ ಗೊತ್ತಾಗಲಿಲ್ಲ.

"ಭಾವ, ಸ್ಪ್ರೇ ಹೊಡೀಲಾ?"

"ಸನ್‌ಬೋರ್ಡಿಗೆ ಹೊಡಿ. ಥರ್ಮೋಕೋಲ್ ಇರೋ ಕಡೆ ಬೇಡ ಕಣೋ, ತಿಂದುಹಾಕತ್ತೆ."

ಸ್ಪ್ರೇ ಡಬ್ಬಿಯಲ್ಲಿರುವ ದ್ರಾವಣಕ್ಕೆ ಥರ್ಮೋಕೋಲ್ ಕರಗುತ್ತದೆ. ಅಂಥ ಕಡೆಗೆ ಮೊದಲು ಫೆವಿಕಾಲ್ ಬೆರೆಸಿದ ಕಪ್ಪು ಬಣ್ಣವನ್ನು ಕುಂಚದಲ್ಲೇ ಹಚ್ಚಬೇಕು. ಅದು ಒಣಗಿದ ಮೇಲೆ ಬೂದು ಬಣ್ಣ, ಅದರ ಮೇಲೆ ತೆಳ್ಳಗಿನ ಕಂದು ನೀರು. ಆ ನೀರು ತಾನಾಗಿಯೇ ಹರಿದು ಸಂದುಗೊಂದುಗಳಲ್ಲಿ ನಿಲ್ಲುತ್ತದೆ, ಹತ್ತು ವರ್ಷದ ಮಳೆ ಒಂದು ಗಂಟೆಯಲ್ಲಿ ಬಿದ್ದುಹೋಗುತ್ತದೆ. ಆಮೇಲೆ ಬಣ್ಣ ಒರೆಸಿ ಒಣಗಿಸಿದ ಕುಂಚದಿಂದ ಅಂಚುಗಳನ್ನಷ್ಟೇ ಸವರುತ್ತಾರೆ. ಸವೆದ ಮೂಲೆಗಳು ಎದ್ದು ಕಾಣುತ್ತವೆ.

ತುಕ್ಕಿಗೆ ಮಾತ್ರ ಭಾವ ಬಣ್ಣ ಬಳಸುವುದಿಲ್ಲ. ಕಪಾಟಿನಿಂದ ಒಂದು ಪೊಟ್ಟಣ ತೆಗೆಯುತ್ತಾರೆ. ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡ್ ಪುಡಿ, ಬಸವನಗುಡಿಯ ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುತ್ತಿದ್ದುದೇ. ಅದು ಕಬ್ಬಿಣದ ಆಕ್ಸೈಡು, ಅಂದರೆ ಅಸಲಿ ತುಕ್ಕು. ಪೈಪಿನ ಕೀಲುಗಳಿಗೆ ಅಂಟು ಸವರಿ, ಮೇಲಿಂದ ಚಿಟಿಕೆಯಷ್ಟು ಉದುರಿಸಿ, ಉಫ್ ಎಂದು ಊದುತ್ತಾರೆ. ಉಳಿದಷ್ಟು ಉಳಿಯಿತು, ಹೋದಷ್ಟು ನಿಮ್ಮ ಅಂಗಿಯ ಮೇಲೆ. ಅಂಗಿ ಒಗೆದರೆ ಹೋಗುತ್ತದೆ ಎಂದು ಅವರು ಹೇಳುತ್ತಾರೆ. ಹೋಗುವುದಿಲ್ಲ.

ಇನ್ನು ತಂತಿಗಳು. ಹಾಂಗ್‌ಕಾಂಗಿನ ಕೌಲೂನ್ ವಾಲ್ಡ್ ಸಿಟಿ ಎಂಬ ಕೊಂಪೆಯನ್ನು ಸೈಬರ್‌ಪಂಕ್‌ನವರು ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಎರಡೂವರೆ ಹೆಕ್ಟೇರ್ ಚಿಲ್ಲರೆ ನೆಲದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಇದ್ದರು, 1993–94ರಲ್ಲಿ ಕೆಡವಿದರು. ಭಾವ ಅಷ್ಟು ದೂರ ಹೋಗುವುದಿಲ್ಲ. ಕಿಟಕಿ ತೆರೆದು ಹೊರಗೆ ಕೈ ತೋರಿಸುತ್ತಾರೆ. ಲೈಟು ಕಂಬದಿಂದ ಮರಕ್ಕೆ, ಮರದಿಂದ ಸಜ್ಜೆಗೆ ಜೋತುಬಿದ್ದ ಕಪ್ಪು ಕೇಬಲ್ಲುಗಳು, ಯಾವ ಕಂಪನಿಯದೋ ಯಾರಿಗೂ ತಿಳಿಯದ ಸುರುಳಿಗಳು. ಫುಟ್‌ಪಾತಿನ ಮೇಲೆ ಜಾಲರಿ ಹಾಕಿದ ಟ್ರಾನ್ಸ್‌ಫಾರ್ಮರ್. 2018ರಲ್ಲಿ ಬಿಬಿಎಂಪಿ ಜಾಹೀರಾತು ಫಲಕಗಳನ್ನು ತೆಗೆಸಿದ ಮೇಲೆ ಎಷ್ಟೋ ತಾರಸಿಗಳ ಮೇಲೆ ಉಳಿದುಬಿಟ್ಟ ಬೋಳು ಕಬ್ಬಿಣದ ಚೌಕಟ್ಟು. ಇಷ್ಟನ್ನೂ ಅವರು ಅಳತೆಗಿಳಿಸಿ ಮೇಜಿಗೆ ತಂದಿದ್ದಾರೆ. ಭವಿಷ್ಯದ ನಗರ ಹೇಗಿರುತ್ತದೆ ಎಂದು ಲಾಸ್ ಏಂಜಲೀಸಿನವರನ್ನು ಕೇಳಬೇಕಾದ ಗರಜು ಬೆಂಗಳೂರಿನವರಿಗಿಲ್ಲ.

ಅಂಗಡಿ ಬೋರ್ಡುಗಳಿಗೆ ಬೆಳಕು ಕೊಡುವುದು ಭಾಮೈದನ ಪಾಲಿನ ಕೆಲಸ. ಹೊಳಪುಬಣ್ಣದ ಅಕ್ರಿಲಿಕ್ ತುಂಡಿನಲ್ಲಿ ಅಕ್ಷರ ಕೊರೆದು ಕೆಳಗಿನಿಂದ ಎಲ್‌ಇಡಿ ಹತ್ತಿಸಿದರೆ ಬೆಳಕು ಹಾಳೆಯೊಳಗೇ ಪುಟಿದು ಅಂಚಿನಲ್ಲೂ ಕೊರೆದ ಗೀರಿನಲ್ಲೂ ಮಾತ್ರ ಹೊರಬೀಳುತ್ತದೆ. ಥೇಟ್ ನಿಯಾನ್. ಒಂದು ಗುಂಡಿ ಬ್ಯಾಟರಿ ಸಾಕು. ಹಸಿರಿನಲ್ಲಿ 'ಖಾನಾವಳಿ', ನೇರಳೆಯಲ್ಲಿ 'ಕೈ ಕಾಲು ರಿಪೇರಿ, ಹಳೇದಕ್ಕೆ ಹೊಸದು'. ಪಕ್ಕದಲ್ಲಿ ಚಿಕ್ಕದಾಗಿ ಜಪಾನಿ ಅಕ್ಷರ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂಬ 2024ರ ಕಾನೂನನ್ನು ಈ ನಾಲ್ಕಡಿ ಚೌಕದಲ್ಲಂತೂ ಅಕ್ಷರಶಃ ಪಾಲಿಸಲಾಗಿದೆ.

ಭಾನುವಾರ ಹತ್ತು ಗಂಟೆ. ಮೇಜಿನ ಮೇಲೆ ಊರು ಕೂತಿದೆ. ಭಾವ ಕಟ್ಟಡಗಳನ್ನು ಒಂದಿಂಚು ಆಚೆ, ಅರ್ಧ ಇಂಚು ಈಚೆ ಸರಿಸುತ್ತಿದ್ದಾರೆ. ನೀವೂ ಮಂಡಿಯೂರಿ, ಗಲ್ಲವನ್ನು ಮೇಜಿನ ಅಂಚಿಗೆ ಒರಗಿಸಿ ನೋಡಿ. ಮುಖ್ಯರಸ್ತೆ ನಿಮ್ಮ ಮೂಗಿನಿಂದ ಶುರುವಾಗಿ ಆ ತುದಿಯವರೆಗೂ ಹೋಗಬೇಕಿತ್ತು, ಹೋಗುವುದಿಲ್ಲ. ನಡುವೆ ಟ್ರಾನ್ಸ್‌ಫಾರ್ಮರ್, ಅದರಾಚೆ ಖಾನಾವಳಿ ಬೋರ್ಡು, ಅದರ ಮೇಲೆ ಕೇಬಲ್ಲಿನ ಗೊಂಚಲು. ಬೀದಿಮಟ್ಟದಲ್ಲಿ ಎಲ್ಲೂ ಎರಡಡಿ ದಾಟಿ ಕಣ್ಣು ಹಾಯುವುದಿಲ್ಲ.

ಕೊಳಕಿನ ಗುಟ್ಟು ಇಲ್ಲಿದೆ. ಇನ್ಫಿನಿಟಿಯಲ್ಲಿ ಎದುರಾಳಿಯ ಸರದಿಯಲ್ಲಿ ನೀವು ಕೈಕಟ್ಟಿ ಕೂರುವುದಿಲ್ಲ. ಅವನ ಬೊಂಬೆ ನಿಮ್ಮ ಬೊಂಬೆಯ ಕಣ್ಣಿಗೆ ಬಿದ್ದರೆ ಸಾಕು, ಹೆಜ್ಜೆ ಹಾಕಿದರೂ ಗುಂಡು ಹಾರಿಸಿದರೂ ತಕ್ಷಣ ನೀವು ಉತ್ತರ ಕೊಡಬಹುದು. ಆಟಗಾರರು ಇದನ್ನು ಏಆರ್‌ಓ ಎನ್ನುತ್ತಾರೆ. ಒಳ್ಳೆಯ ಸ್ನೈಪರ್ ಬಂದೂಕಿಗೆ 48 ಇಂಚಿನವರೆಗೂ ಸಲೀಸು ಗುರಿ, ಅಂದರೆ ಮೇಜಿನ ಈ ತುದಿಯಿಂದ ಆ ತುದಿ. ಅಗಲ ರಸ್ತೆ, ಹುಲ್ಲುಹಾಸು, ಸಾಲುಮರ ಇರುವ ಚೊಕ್ಕ ಬಡಾವಣೆಯಲ್ಲಿ ಈ ಆಟ ಇಟ್ಟರೆ ಉದ್ದ ಬಂದೂಕಿನವನು ಮಹಡಿ ಹತ್ತಿ ಕೂರುತ್ತಾನೆ, ಹತ್ತು ನಿಮಿಷಕ್ಕೆ ಮುಗಿಯಿತು. ಬಡಪಾಯಿ ಕಾಲಾಳು ಬದುಕುವುದು ಟ್ಯಾಂಕು, ಪೈಪು, ಮುರಿದ ಬೋರ್ಡುಗಳ ಮರೆಯಲ್ಲಿ. ಊರು ಗಲೀಜಾದಷ್ಟೂ ಚಿಕ್ಕವರಿಗೆ ಅನುಕೂಲ. ವಾರವೆಲ್ಲ ಶ್ರೀಮಂತರ ವಿಲ್ಲಾ ಮಾಡುವ ಮನುಷ್ಯ ಇದನ್ನು ತುಂಬ ಗಂಭೀರವಾಗಿ ಹೇಳುತ್ತಾರೆ.

ಭಾವನ ಪಡೆ ನೋಮ್ಯಾಡ್ಸ್, ತುಂಗುಸ್ಕ, ಕೊರೆಹಿದೋರ್, ಬಕೂನಿನ್ ಎಂಬ ಮೂರು ದೈತ್ಯ ನೌಕೆಗಳಲ್ಲಿ ಅಲೆಯುವ ಜನ. ಭಾಮೈದನದು ಅಲೆಫ್. ಮನುಷ್ಯರ ಜಾಲವನ್ನೆಲ್ಲ ನಡೆಸುವ ಕೃತಕ ಬುದ್ಧಿ ಅದು, ನೋಮ್ಯಾಡ್ಸ್‌ಗೆ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಅಲೆಫ್‌ನ ಯೋಧರ ಹೆಸರು ಕೇಳಿದರೆ ನೀವು ಕಿವಿ ನೆಟ್ಟಗೆ ಮಾಡುತ್ತೀರಿ: ದೇವ, ಅಸುರ, ದಾನವ, ದಸ್ಯು, ಡಾಕಿನಿ, ಗರುಡ, ಮರುತ್. ಸ್ಪೇನಿನವರು ನಮ್ಮ ಪುರಾಣದ ಪಟ್ಟಿಯನ್ನು ಹಿಡಿದುಕೊಂಡೇ ಕೂತಿದ್ದಾರೆ. ದೇವಾಸುರರು ಒಂದೇ ಪಕ್ಷ. ಸಮುದ್ರಮಥನದಲ್ಲೂ ಇಷ್ಟು ಹೊತ್ತು ಒಟ್ಟಿಗಿರಲಿಲ್ಲ.

ಒಂದೊಂದು ಬೊಂಬೆಗೆ ಒಂದೊಂದು ಆರ್ಡರು, ಅಂದರೆ ಒಂದು ನಡೆ. ಅದನ್ನು ಲೆಕ್ಕ ಇಡಲು ಇಲ್ಲಿ ಹುಣಸೆ ಬೀಜ, ಚೌಕಾಬಾರದ ಡಬ್ಬಿಯಿಂದ ತೆಗೆದದ್ದು. ಭಾವನ ಮುಂದೆ ಹತ್ತು ಬೀಜ. ಹತ್ತನ್ನೂ ಒಬ್ಬನ ಮೇಲೆಯೇ ಸುರಿಯಬಹುದು, ಹಂಚಲೂಬಹುದು.

ಇಂಟ್ರೂಡರ್ ಎಂಬ ಅವರ ಮಸುಕು ವೇಷದ ಯೋಧ ಖಾನಾವಳಿಯ ತಾರಸಿಯಲ್ಲಿದ್ದಾನೆ, ಕೈಯಲ್ಲಿ ಮೆಷಿನ್‌ಗನ್. ಎದುರು ಬೀದಿಯ ಮಹಡಿಯಲ್ಲಿ ಸಿಂಟೆಕ್ಸ್ ಪಕ್ಕ ಡಾಕಿನಿ, ತೆಳ್ಳನೆಯ ಸ್ನೈಪರ್ ಯಂತ್ರ.

"ಡಾಕಿನಿಗೆ ಹೊಡೀತೀನಿ."

"ಹೊಡೀರಿ ಭಾವ. ನಾನೂ ಹೊಡೀತೀನಿ."

ಈ ಆಟದಲ್ಲಿ ಮೊದಲೇ ಅಳೆದು ನೋಡುವಂತಿಲ್ಲ. ಹೊಡೆಯುತ್ತೇನೆ ಎಂದು ಬಾಯಿಬಿಟ್ಟ ಮೇಲಷ್ಟೇ ಟೇಪು. ಟೇಪು ಎಳೆದರೆ 26 ಇಂಚು. ಭಾವನ ಮುಖ ಅರಳುತ್ತದೆ, ಮೆಷಿನ್‌ಗನ್ನಿಗೆ ಹದಿನಾರರಿಂದ ಮೂವತ್ತೆರಡರ ನಡುವೆ ಮೂರು ಅಂಕ ಜಾಸ್ತಿ. ಇಂಟ್ರೂಡರನ ಗುರಿ 13, ದೂರಕ್ಕೆ ಮೂರು ಕೂಡಿ, ಡಾಕಿನಿ ಮರೆಯಲ್ಲಿರುವುದಕ್ಕೆ ಮೂರು ಕಳೆದು, ಮತ್ತೆ 13. ನಾಲ್ಕು ದಾಳ. ಡಾಕಿನಿಯದು ಮೂಲ 11. ದೂರಕ್ಕೆ ಮೂರು ಸೇರಿ, ಇಂಟ್ರೂಡರನ ಮರೆಗೆ ಮೂರು, ಅವನ ಮಸುಕು ವೇಷಕ್ಕೆ ಇನ್ನು ಮೂರು ಕಳೆದು ಬರೀ 8. ಒಂದೇ ದಾಳ. ತನ್ನ ಅಂಕಕ್ಕೆ ಮೀರದಂತೆ ಬೀಳಬೇಕು, ಗೆದ್ದ ದಾಳಗಳಲ್ಲಿ ದೊಡ್ಡದು ಚಿಕ್ಕದನ್ನು ನುಂಗುತ್ತದೆ.

ದಾಳಗಳು ಸ್ಟೀಲು ತಟ್ಟೆಯಲ್ಲಿ ಒಟ್ಟಿಗೆ ಉರುಳುತ್ತವೆ. ಭಾವನದು 4, 17, 11, 15. ನಾಲ್ಕೂ ಹನ್ನೊಂದೂ ಹಿಡಿದವು. ಭಾಮೈದನ ದಾಳ ತಟ್ಟೆಯ ಅಂಚಿಗೆ ಒರಗಿ, ಮಗುಚಿ, ನಿಂತಿತು. 8. ಹನ್ನೊಂದರ ಮುಂದೆ ಎಂಟು ಸೋಲಬೇಕು. ಆದರೆ ತನ್ನ ಅಂಕಕ್ಕೆ ಕರಾರುವಾಕ್ಕಾಗಿ ಬಿದ್ದ ದಾಳ ಕ್ರಿಟಿಕಲ್, ಅದರ ಮುಂದೆ ಬೇರೆ ಯಾವ ಗೆಲುವೂ ನಿಲ್ಲದು. ಇಪ್ಪತ್ತಕ್ಕೊಂದು ಸಲ ಆಗುವಂಥದ್ದು. ಇಂಟ್ರೂಡರ್ ಪ್ಯಾರಾಪೆಟ್ಟಿನ ಹಿಂದೆ ಬಿದ್ದ. ಭಾವ ಏನೂ ಹೇಳದೆ ಬೊಂಬೆಯನ್ನು ಮಲಗಿಸುತ್ತಾರೆ. ಭಾಮೈದ ಮಾತ್ರ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಾನೆ.

ಇಂಟ್ರೂಡರನನ್ನು ಎಬ್ಬಿಸಲು ಡಾಕ್ಟಾರಿಯನ್ನು ಓಡಿಸಬೇಕು. ಆಕೆ ನೋಮ್ಯಾಡ್ಸ್‌ನ ವೈದ್ಯೆ, ಗಲ್ಲಿಯ ಈ ಬದಿ ಇದ್ದಾಳೆ. ದಾಟುವಾಗ ಡಾಕಿನಿಗೆ ಕಂಡರೆ ಅವಳೂ ಹೋದಳು. ಭಾಮೈದ ಡಾಕಿನಿಯ ತಲೆಯ ಮಟ್ಟದಲ್ಲಿ ಲೇಸರ್ ಪಾಯಿಂಟರ್ ಹಿಡಿದು ಗುಂಡಿ ಒತ್ತುತ್ತಾನೆ. ಉಸಿರು ಬಿಗಿಹಿಡಿದು ನೀವು ಕೆಂಪು ಚುಕ್ಕಿಯನ್ನು ಹುಡುಕುತ್ತೀರಿ. ಅದು 'ಖಾನಾವಳಿ'ಯ 'ವ'ದ ಹೊಟ್ಟೆಯೊಳಗೆ ಕೂತಿದೆ.

"ಕಾಣಲ್ಲ."

"ಸ್ವಲ್ಪ ಬಲಕ್ಕೆ ಹಿಡಿ, ಕಾಣಬಹುದು" ಎಂದು ಎದುರಾಳಿಯ ಪರವಾಗಿ ಭಾವನೇ ಹೇಳುತ್ತಾರೆ. ಬಲಕ್ಕೆ ಹಿಡಿದರೆ ಕೇಬಲ್ ಸುರುಳಿ. ಬೋರ್ಡಿನ ಮರೆಯಲ್ಲಿ ಡಾಕ್ಟಾರಿ ಹಿತ್ತಲ ಏಣಿ ಹತ್ತಿ, ತಾರಸಿಯಲ್ಲಿ ತೆವಳಿ, ಗಾಯಾಳುವನ್ನು ಮುಟ್ಟುತ್ತಾಳೆ. ಈಗ ಇನ್ನೊಂದು ದಾಳ. ಗೆದ್ದರೆ ಎದ್ದ, ತಪ್ಪಿದರೆ ಚಿಕಿತ್ಸೆಯಲ್ಲೇ ಸತ್ತ. ಮಧ್ಯೆ ಏನೂ ಇಲ್ಲ. 9. ಎದ್ದ. ಆದರೆ ಬೀಜದ ರಾಶಿಯಲ್ಲಿ ಉಳಿದದ್ದು ಎರಡೇ.

ಅಷ್ಟರಲ್ಲಿ ಅಕ್ಕ ಕಾಫಿ ತಂದಿದ್ದಾರೆ. "ಎಲ್ರೀ ಇಡ್ಲಿ ಇದನ್ನ, ಇಡೀ ಮನೇಲಿ ಜಾಗ ಇಲ್ಲ." ತಮ್ಮ ಕಣ್ಣೆತ್ತದೆ "ಆ ಹೆಲಿಪ್ಯಾಡ್ ಮೇಲೆ ಇಡಕ್ಕ" ಅನ್ನುತ್ತಾನೆ. ಲೋಟ ಅಲ್ಲೇ ಕೂರುತ್ತದೆ.

ಭಾಮೈದನ ಸರದಿ. ಅವನು ಬಚ್ಚಿಟ್ಟಿದ್ದ ಬೊಂಬೆ ತೆಗೆಯುತ್ತಾನೆ: ಆಕಾಶದಿಂದ ಜಿಗಿಯುವ ಗರುಡ. ಇಳಿಯಲು ತಳ ಪೂರ್ತಿ ಕೂರುವಷ್ಟು ಸಮತಟ್ಟು ನೆಲ ಬೇಕು. ಒಂದು ತಾರಸಿ ಮೇಲೆ ಹಿಡಿದು ನೋಡುತ್ತಾನೆ, ಪೈಪು. ಇನ್ನೊಂದರಲ್ಲಿ ಟ್ಯಾಂಕು, ಹೋರ್ಡಿಂಗಿನ ಚೌಕಟ್ಟು, ಡಿಶ್ ಆಂಟೆನಾ. ನೋಮ್ಯಾಡ್ಸ್‌ನ ಬೆನ್ನಿಗೆ ಬೀಳುವಂಥ ಬಯಲು ಇಡೀ ಊರಿಗೆ ಒಂದೇ.

"ಅಕ್ಕಾ, ಲೋಟ ತೆಗಿ. ಗರುಡ ಇಳೀಬೇಕು."

ಇಳಿಯಿತು. ಅದೇ ತಾರಸಿಯ ಮೆಟ್ಟಿಲ ಬಾಯಲ್ಲಿ ಭಾವ ಒಂದು ಕ್ರೇಜಿ ಕೋಆಲಾ ಕೂರಿಸಿದ್ದರು. ಶತ್ರು ಹತ್ತಿರ ಸುಳಿದರೆ ಓಡಿಹೋಗಿ ತಬ್ಬಿ ಸಿಡಿಯುವ ಪುಟ್ಟ ಯಂತ್ರ. ಅದು ತನ್ನ ಕೆಲಸ ಮಾಡಿತು. ವೈಕುಂಠದ ವಾಹನ ಹೆಲಿಪ್ಯಾಡಿನಿಂದ ಸೀದಾ ಡಬ್ಬಿಗೆ.

ಎರಡನೆಯ, ಮೂರನೆಯ ಸುತ್ತುಗಳಲ್ಲಿ ಅಂಥ ವಿಶೇಷವೇನಿಲ್ಲ. ದಸ್ಯು ಒಬ್ಬ ಮರೆವೇಷದಲ್ಲಿ ನುಸುಳಿ ಇಬ್ಬರನ್ನು ಹೊಡೆದ. ಭಾವನ ಅತ್ಯಂತ ಅಗ್ಗದ ಕಾಲಾಳು ಅಲ್ಗ್ವಸಿಲ್ ಒಬ್ಬಳು ಟ್ರಾನ್ಸ್‌ಫಾರ್ಮರಿನ ಹಿಂದೆ ಕೂತು ಇಡೀ ಆಟ ಬದುಕಿ, ಕೊನೆಯ ಬೀಜಕ್ಕೆ ಓಡಿಹೋಗಿ, ಆಟದ ಗುರಿಯಾಗಿದ್ದ ನಡುಮನೆಯ ಕಂಪ್ಯೂಟರ್ ಮುಟ್ಟಿದಳು. ಗೆಲುವು ನೋಮ್ಯಾಡ್ಸ್‌ಗೆ, ಒಂದು ಅಂಕದಿಂದ.

ಭಾಮೈದನ ಸಂಕಟ ಗರುಡನದಲ್ಲ, ಮರುತ್‌ನದು. ಎರಡಾಳು ಎತ್ತರದ ಯುದ್ಧಯಂತ್ರ, ಅವನ ಪಡೆಯ ಬೆಲೆಯಲ್ಲಿ ದೊಡ್ಡ ಪಾಲು ಅದೊಂದಕ್ಕೇ ಹೋಗಿದೆ. ತಳ 55 ಮಿ.ಮೀ. ಟ್ರಾನ್ಸ್‌ಫಾರ್ಮರು ಗೋಡೆ ನಡುವೆ ಬಿಟ್ಟಿರುವುದು ಮೂವತ್ತೇ. ಮೂರು ಸುತ್ತೂ ಅದು ಗಲ್ಲಿಯ ಬಾಯಲ್ಲೇ ನಿಂತು ಖಾನಾವಳಿಯ ಗೋಡೆ ನೋಡಿತು.

ಭಾವ ಆಗಲೇ ಪೆನ್ಸಿಲ್ ಹಿಡಿದು ಮೇಜಿನ ಆ ತುದಿಯಲ್ಲಿ ಗುರುತು ಹಾಕುತ್ತಿದ್ದಾರೆ.

"ಈ ಕಡೆ ಗಲ್ಲಿ ಜಾಸ್ತಿ ಖಾಲಿ ಆಯ್ತು. ಮುಂದಿನ ವಾರ ಇಲ್ಲೂ ಒಂದು ಟ್ರಾನ್ಸ್‌ಫಾರ್ಮರ್ ಇಡ್ತೀನಿ."

"ಅಲ್ಲಾ ಭಾವ, ಅಲ್ಲೂ ಇಟ್ರೆ ನನ್ನ ಮರುತ್ ಎಲ್ಲಿ ಹೋಗ್ಬೇಕು?"

"ಫುಟ್‌ಪಾತ್ ಮೇಲೆ ಹೋಗಲಿ ಬಿಡೋ, ಎಲ್ಲಾರೂ ಹೋಗ್ತಾರಲ್ಲ."